ಸಾಹುಕಾರರ ಎಡಗೆನ್ನೆ

ನಮ್ಮೂರಲ್ಲಿ ಲಕ್ವ ಮನುಷ್ಯರಿಗೆ ಹೊಡೆಯುವುದಿಲ್ಲ, ಗೋಡೆಗೆ ಹೊಡೆಯುತ್ತದೆ. ಆ ಗೋಡೆಗೆ ಎಷ್ಟು ಜನ ಒರಗಿ ಬದುಕುತ್ತಿದ್ದಾರೋ ಅಷ್ಟೂ ಜನ ಅದನ್ನು ಹಂಚಿಕೊಳ್ಳಬೇಕು. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಒಬ್ಬನಿಗೇ ಪೂರ್ತಿ ಬಂದು, ಅವನು ಮಂಚ ಹಿಡಿದು, ಪಕ್ಕದ ಮನೆಯವರು ಎಳನೀರು ಹಿಡಿದುಕೊಂಡು ಬಂದು ನೋಡಿ ಹೋಗುತ್ತಾರಂತೆ. ನಮ್ಮಲ್ಲಿ ಪಕ್ಕದ ಮನೆಯವರಿಗೆ ಎಳನೀರು ತರುವ ಪುರುಸೊತ್ತೇ ಇರುವುದಿಲ್ಲ. ಅಷ್ಟು ಹೊತ್ತಿಗೆ ಅವರ ಕಿರುಬೆರಳೋ, ಹುಬ್ಬೋ, ಮೊಣಕಾಲೋ ಮುಷ್ಕರ ಹೂಡಿ ಕೂತಿರುತ್ತದೆ.

ನಾವಿರುವುದು ತಗ್ಗಿನಲ್ಲಿ. ಹಿಟ್ಟಿನ ಗಿರಣಿಯಿಂದ ಹಿಡಿದು ನನ್ನ ಕಟಿಂಗ್ ಷಾಪಿನವರೆಗೆ ಒಂದೇ ಸಾಲು, ಎರಡೆರಡು ಮನೆಗೆ ಒಂದೊಂದು ಗೋಡೆ. ಗಿರಣಿಯವರು ಮೊಳೆ ಹೊಡೆದರೆ ನನ್ನ ಅಂಗಡಿಯ ಕನ್ನಡಿ ನಡುಗುತ್ತದೆ. ದಿಬ್ಬದ ಮೇಲೆ ಬಂಗಲೆಗಳಿವೆ. ಅಲ್ಲಿ ಮನೆಗೂ ಮನೆಗೂ ನಡುವೆ ಹುಲ್ಲು, ಹುಲ್ಲಿಗೆ ನೀರು ಚಿಮ್ಮಿಸುವ ಪೈಪು, ಆಮೇಲೆ ಒಂದು ನಾಯಿ. ಹಾಗಾಗಿ ಅಲ್ಲಿ ಲಕ್ವ ಹೊಡೆದರೆ ಆ ಮನೆಯ ಒಬ್ಬರ ಮೇಲೇ ಇಡಿಯಾಗಿ ಕೂರುತ್ತದೆ. ಅದಕ್ಕೇ ದಿಬ್ಬದವರು ಅಲ್ಲೊಂದು ಪುನಶ್ಚೇತನ ಕೇಂದ್ರ ಕಟ್ಟಿಸಿಕೊಂಡಿದ್ದಾರೆ. ಗಾಜಿನ ಬಾಗಿಲು, ಹಿಡಿದು ನಡೆಯುವ ಕಂಬಿಗಳು, ಕೂತಲ್ಲೇ ಕಾಲು ತುಳಿಸುವ ಮೆಷಿನ್ನು, ಏನುಂಟು ಏನಿಲ್ಲ.

ಹಂಚಿಕೊಂಡದ್ದನ್ನು ವಾಪಸು ಕಳಿಸಲು ನಮ್ಮ ಸಾಲಿನಲ್ಲೂ ಒಂದು ಕ್ರಮವಿದೆ. ದೀಪ ಹಚ್ಚುವ ಹೊತ್ತಿಗೆ ಪಾಲು ಬಂದವರೆಲ್ಲ ಜಗುಲಿಗೆ ಬಂದು ಕೂತು ಸಾಧಕ ಮಾಡಬೇಕು. ಬೆರಳು ಹೋದವರು ಅವರೆಕಾಳನ್ನು ಒಂದೊಂದಾಗಿ ಹೆಕ್ಕಿ ಲೋಟಕ್ಕೆ ಹಾಕಬೇಕು, ಅಂಗೈ ಹೋದವರು ಹಿಟ್ಟಿನ ಉಂಡೆ ಹಿಸುಕಬೇಕು, ಮಾತು ಹೋದವರು ಬೀದಿಯಲ್ಲಿ ಕಂಡದ್ದರ ಹೆಸರು ಹೇಳಬೇಕು. ಒಬ್ಬರು ತಪ್ಪಿಸಿದರೂ ಅವತ್ತು ಯಾರಿಗೂ ಏನೂ ಬರುವುದಿಲ್ಲ. ಪಾಲುದಾರರಲ್ಲಿ ಒಬ್ಬರು ಸಾಲು ಬಿಟ್ಟೇ ಹೋದರಂತೂ ಮುಗಿಯಿತು, ಅವರು ತಿರುಗಿ ಬರುವವರೆಗೆ ಉಳಿದವರು ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು. ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ಕೇಳುತ್ತಿದ್ದವನು ನಾನೊಬ್ಬ. ನನಗೂ ಯಾರೂ ಉತ್ತರ ಕೊಟ್ಟಿಲ್ಲ.

ಈ ಸಾಧಕದ ಯಜಮಾನಿಕೆ ನನ್ನ ಚಿಕ್ಕವ್ವ ದ್ಯಾವಮ್ಮನದು. ನನ್ನನ್ನು ಸಾಕಿದವಳು ಅವಳೇ. ಬೆಳಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಊರೆಲ್ಲ ಸುತ್ತುತ್ತಾಳೆ, ಸಂಜೆ ಜಗುಲಿಯ ಮೇಲೆ ನಿಂತು ಸಾಲನ್ನೆಲ್ಲ ಬೈಯುತ್ತಾಳೆ. ಹಿಂದೊಮ್ಮೆ ಗಿರಣಿಯವರ ತಾಯಿಗೆ ಹೊಡೆದಾಗ ನನ್ನ ಪಾಲಿಗೆ ಬಂದದ್ದು ಎಡಗೈ ಕಿರುಬೆರಳು. ಕಿರುಬೆರಳು ಇದ್ದರೆಷ್ಟು ಬಿಟ್ಟರೆಷ್ಟು ಎಂದು ನಾನು ಅಂಗಡಿಯಲ್ಲೇ ಕೂತಿದ್ದೆ. ಚಿಕ್ಕವ್ವ ಗಿರಾಕಿಯ ಮುಂದೆಯೇ ಬಂದು ನಿಂತಳು.

“ಏನ್ಲಾ ಓಬಳೇಶ, ನಿಂಗೆ ಕಿರುಬೆರಳು ಬ್ಯಾಡ್ವಾದ್ರೆ ಕುಯ್ದು ಕೊಡು, ಉಪ್ಪಿನಕಾಯಿ ಹಾಕ್ತೀನಿ. ಆ ಮುದುಕಿ ನಾಲ್ಗೆ ಹೊಳ್ಳೋದು ನಿನ್ ಕಿರುಬೆರಳಿಗೆ ಕಾಯ್ತಾ ಕುಂತೈತೆ. ಏಳು ಮ್ಯಾಕೆ!”

ಎದ್ದೆ. ಆದರೆ ಸಿಟ್ಟು ಇಳಿಯಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬಾಡಿಗೆ ಮನೆ ಹಿಡಿದವರ ಹಾಗೆ ಉಳಿದುಬಿಡುತ್ತದೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಬಂದ ಸಿಟ್ಟಿಗೆ ಶಾಲೆ ಬಿಟ್ಟವನು ನಾನು. ಆ ಮೇಷ್ಟ್ರು ಈಗಲೂ ನನ್ನ ಹತ್ತಿರವೇ ತಲೆ ಕೊಡುತ್ತಾರೆ, ನಾನು ಈಗಲೂ ಅವರ ಜೊತೆ ಮಾತಾಡುವುದಿಲ್ಲ. ಮರುದಿನ ಬೆಳಗ್ಗೆಯೇ ಕಿರುಬೆರಳನ್ನು ಜೇಬಿನಲ್ಲಿಟ್ಟುಕೊಂಡು ದಿಬ್ಬ ಹತ್ತಿದೆ. ಕಂಬಿಗಳು ಅಲ್ಲಿ ದೂಳು ತಿನ್ನುತ್ತಿರುವಾಗ ನಾವು ಯಾಕೆ ಅವರೆಕಾಳು ಹೆಕ್ಕಬೇಕು ಎಂದು ಕೇಳಿಯೇಬಿಡುವುದು ಎಂದು.

ಕೇಂದ್ರದ ಗೇಟಿನಲ್ಲಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಪೇಷಂಟ್ ಯಾರು?”

“ನಾವೇ. ಸಾಲಿನವರು.”

“ಎಷ್ಟಿದೆ ಕಾಯಿಲೆ?”

“ಒಬ್ಬೊಬ್ರಿಗೆ ಒಂದೊಂದು ಚೂರು.”

“ಚೂರುಪಾರಿಗೆಲ್ಲ ಇಲ್ಲಿ ನೋಡಲ್ಲಪ್ಪ. ಯಾರಾದ್ರೂ ಒಬ್ರ ಹತ್ರ ಪೂರ್ತಿ ಇದ್ರೆ ಕರ್ಕೊಂಡ್ ಬಾ.”

“ಎಲ್ರದ್ದೂ ಸೇರ್ಸಿದ್ರೆ ಪೂರ್ತಿ ಆಯ್ತದಲ್ರೀ!”

“ಹಂಗಾದ್ರೆ ಸೇರ್ಸ್ಕೊಂಡ್ ಬಾ,” ಎಂದು ಬಾಗಿಲು ಹಾಕಿಕೊಂಡ.

ಗಾಜಿನ ಆಚೆ ಮೆಷಿನ್ನುಗಳಿಗೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಒಳಗೆ ಇದ್ದವರು ಒಬ್ಬರೇ, ಕಸರತ್ತು ಹೇಳಿಕೊಡುವ ಫಿಲೋಮಿನಾ ಮೇಡಂ. ಮಾಡಲು ಕೆಲಸವಿಲ್ಲದೆ ರೋಗಿಗಳು ಹಿಸುಕುವ ಮೆತ್ತನೆ ಚೆಂಡನ್ನು ತಾವೇ ಹಿಸುಕುತ್ತ ಕೂತಿದ್ದರು. ನನ್ನನ್ನು ನೋಡಿ ಪಾಪ ಎಂಬಂತೆ ನಕ್ಕರು. ಆ ನಗುವಿನ ಮೇಲೂ ನನಗೆ ಸಿಟ್ಟು ಬಂತು.

ಜಗುಲಿಯ ಅವರೆಕಾಳೇ ಕೊನೆಗೆ ನನ್ನ ಕಿರುಬೆರಳನ್ನು ವಾಪಸು ತಂದುಕೊಟ್ಟಿತು. ಇದಾಗಿ ಆರು ತಿಂಗಳಿಗೆ ದಿಬ್ಬದ ಐಸ್ ಫ್ಯಾಕ್ಟರಿ ಸಾಹುಕಾರರಾದ ರುದ್ರಮೂರ್ತಿಯವರಿಗೆ ಲಕ್ವ ಹೊಡೆಯಿತು. ಅವರ ಬಂಗಲೆಯ ಗೋಡೆ ಯಾವ ಗೋಡೆಯನ್ನೂ ಮುಟ್ಟುವುದಿಲ್ಲ, ಹಾಗಾಗಿ ಕಾಯಿಲೆ ಗುಲಗಂಜಿಯಷ್ಟೂ ಸೋರಿಹೋಗದೆ ಅವರಲ್ಲೇ ನಿಂತಿತು. ಬಲಗೈ, ಬಲಗಾಲು, ಬಾಯಿಯ ಬಲಗಡೆ, ಆಮೇಲೆ ಮಾತು. ಮಾತಿನಲ್ಲಿ ಒಂದೇ ಒಂದು ಪದ ಉಳಿಯಿತು. ಫ್ಯಾಕ್ಟರಿಯಲ್ಲಿ ದಿನಾ ಬಳಸುತ್ತಿದ್ದ ಪದವೇ ಇರಬೇಕು: “ಮುಠ್ಠಾಳ.” ನೀರು ಬೇಕಾದರೆ ಮುಠ್ಠಾಳ, ಸಾಕಾದರೆ ಮುಠ್ಠಾಳ, ಸೊಸೆಯನ್ನು ಕರೆದರೂ ಅದೇ, ದೇವರನ್ನು ನೆನೆದರೂ ಅದೇ. ಕೇಂದ್ರದ ಮೆಷಿನ್ನುಗಳಿಗೆ ಹೊದಿಸಿದ್ದ ಬಟ್ಟೆ ತೆಗೆದರು. ತಿಂಗಳುಗಟ್ಟಲೆ ಎಳೆದರು, ತುಳಿಸಿದರು, ಉಜ್ಜಿದರು. ಭಾರವೆಲ್ಲ ಒಬ್ಬರ ಮೇಲೇ ಇದ್ದದ್ದರಿಂದ ಏನೂ ಅಲುಗಲಿಲ್ಲ.

ಒಂದು ಮಧ್ಯಾಹ್ನ ಸಾಹುಕಾರರ ಮಗ ಮಹೇಂದ್ರ ನಮ್ಮ ಸಾಲಿಗೆ ಬಂದ. ಜೊತೆಗೆ ಫಿಲೋಮಿನಾ ಮೇಡಂ. ಚಿಕ್ಕವ್ವನ ಮನೆಗೂ ನನ್ನ ಅಂಗಡಿಗೂ ನಡುವೆ ಒಂದು ಕೋಣೆ ಖಾಲಿ ಬಿದ್ದಿತ್ತು, ಹಿಂದೆ ರೇಡಿಯೋ ರಿಪೇರಿಯವನು ಇದ್ದದ್ದು. ಮಹೇಂದ್ರ ಅದರ ಎಡಗೋಡೆ ತಟ್ಟಿ ನೋಡಿದ, ಬಲಗೋಡೆ ತಟ್ಟಿ ನೋಡಿದ, ಕಲ್ಲಂಗಡಿ ಕೊಳ್ಳುವವರು ತಟ್ಟುತ್ತಾರಲ್ಲ ಹಾಗೆ.

“ಅಪ್ಪಾಜಿ ಸ್ವಲ್ಪ ದಿನ ಇಲ್ಲಿರಲಿ ಅಂತ,” ಎಂದ.

ಜಗುಲಿಯ ತುಂಬ ಜನ ಸೇರಿತು. ಯಾಕೆ ಬಂದಿದ್ದಾನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಕತ್ತರಿ ಹಿಡಿದೇ ಹೊರಗೆ ಬಂದೆ.

“ನಮ್ ಚೂರುಪಾರು ನಿಮ್ಗೆ ಆಗ್ಲಿಲ್ಲ. ನಿಮ್ ಇಡೀದು ನಮ್ಗ್ಯಾಕೆ ಆಗ್ಬೇಕು?”

“ನೀವ್ ಯಾರು?” ಎಂದ ಮಹೇಂದ್ರ.

“ನಾನು ಕಿರುಬೆರಳು!” ಎಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದೇ. ಎಲ್ಲರೂ ನಕ್ಕರು, ನನ್ನ ಮಾತಿನ ಗತ್ತೆಲ್ಲ ಅಲ್ಲೇ ಹೋಯಿತು.

ಸೋಡಾ ಅಂಗಡಿ ಮಸ್ತಾನ್ ಸಾಬರು ಗಡ್ಡ ನೀವಿಕೊಂಡು, “ಹುಡ್ಗ ಹೇಳೋದ್ರಲ್ಲಿ ಸುಳ್ಳಿಲ್ಲ. ಆ ಕಂಬಿ, ಆ ಮೆಷಿನ್ನು ಕೆಳಕ್ಕೆ ಬರ್ಲಿ. ಮೇಡಂ ದಿನಾ ಬಂದು ನಮ್ಗೂ ಹೇಳ್ಕೊಡ್ಲಿ. ಆಗ ನೋಡಾಣ,” ಎಂದರು.

“ಖಂಡಿತ, ಖಂಡಿತ. ಮೊದ್ಲು ಅಪ್ಪಾಜಿ ಸ್ವಲ್ಪ ಸುಧಾರಿಸ್ಲಿ. ಆಮೇಲೆ ಇಲ್ಲೇ ಒಂದು ಶಾಖೆ ತೆಗೆಯೋಣ,” ಎಂದ ಮಹೇಂದ್ರ. ಫಿಲೋಮಿನಾ ಮೇಡಂ ಮಾತ್ರ ನೆಲ ನೋಡುತ್ತಿದ್ದರು.

ತೀರ್ಮಾನ ಮಾಡಿದವಳು ಚಿಕ್ಕವ್ವ. ಬುಟ್ಟಿಯಲ್ಲಿ ಉಳಿದಿದ್ದ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತ ಹೇಳಿದಳು: “ಕರ್ಕೊಂಡ್ ಬಾರಪ್ಪ. ಒಬ್ನೇ ಅಷ್ಟೂ ಹೊತ್ಕೊಂಡು ಕುಂತವ್ನೆ. ಹಂಚ್ಕೊಂಡ್ರೆ ನಮ್ದೊಂದಷ್ಟು ಬೆರಳು ಹೋದಾವು, ಒಂದಷ್ಟು ಮಾತು ಹೋದಾವು. ಮಾತು ಈ ಸಾಲಲ್ಲಿ ಹೆಂಗೂ ಜಾಸ್ತಿನೇ ಐತೆ.” ಹೀಗೆಂದು ನನ್ನ ಕಡೆ ನೋಡಿದಳು.

ಸಾಹುಕಾರರನ್ನು ಕರೆತಂದ ದಿನ ಅವರ ಗಡ್ಡ ಎದೆಗೆ ಇಳಿದಿತ್ತು. ಬಾಯಿ ಸೊಟ್ಟಗಾಗಿದ್ದರಿಂದ ದಿಬ್ಬದವರಾರೂ ಕತ್ತಿ ಆಡಿಸಲು ಧೈರ್ಯ ಮಾಡಿರಲಿಲ್ಲವಂತೆ. ಕಾಯಿಲೆ ಗೋಡೆಗೆ ಇಳಿಯಲು ಒಂದು ರಾತ್ರಿಯಾದರೂ ಒರಗಿ ಮಲಗಬೇಕು. ಅಷ್ಟರಲ್ಲಿ ಮುಖ ಮಾಡಿಬಿಡು ಎಂದು ಚಿಕ್ಕವ್ವ ನನ್ನನ್ನು ತಳ್ಳಿದಳು. ಹಲ್ಲು ಕಚ್ಚಿಕೊಂಡು ನೊರೆ ಹಚ್ಚಿದೆ. ಕತ್ತಿ ಗಂಟಲ ಮೇಲೆ ಬಂದಾಗ ಸಾಹುಕಾರರು ಕಣ್ಣು ತೆರೆದು ನೋಡಿದರು. ನಾನೂ ನೋಡಿದೆ. ಇಡೀ ದಿಬ್ಬದ ಮೇಲಿದ್ದ ನನ್ನ ಸಿಟ್ಟು ಆ ಕತ್ತಿಯ ಅಲಗಿನಲ್ಲಿತ್ತು. ಏನು ಮಾಡಲಿ, ಕೈ ಕಸುಬಿನದು. ಅದಕ್ಕೆ ನನ್ನ ಸಿಟ್ಟಿನ ಗುರುತೇ ಇಲ್ಲ. ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಮುಗಿಸಿ ಕನ್ನಡಿ ಹಿಡಿದಾಗ ಸಾಹುಕಾರರು ನುಣ್ಣನೆ ಕೆನ್ನೆಯನ್ನು ಎಡಗೈಯಲ್ಲಿ ಸವರಿಕೊಂಡು, “ಮುಠ್ಠಾಳ!” ಎಂದರು. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಬೈದಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಹಂಚಿಕೆ ಮುಗಿದಿತ್ತು. ಗಿರಣಿಯವರಿಗೆ ಮೊಣಕೈ. ಮಸ್ತಾನ್ ಸಾಬರಿಗೆ ಬಲಗಣ್ಣಿನ ರೆಪ್ಪೆ. ಅದು ಅರ್ಧಕ್ಕೆ ಬಿದ್ದು ಏಳುತ್ತಿದ್ದರಿಂದ ಸೋಡಾ ಕುಡಿಯಲು ಬಂದ ಹೆಂಗಸರಿಗೆಲ್ಲ ಕಣ್ಣು ಹೊಡೆದಂತಾಗಿ, ಅವರ ಬೀಬಿ ಅಂಗಡಿಗೆ ಪರದೆ ಕಟ್ಟಿಸಿದರು. ತರಕಾರಿ ಗಾಡಿಯವನಿಗೆ ತರಕಾರಿಗಳ ಹೆಸರೇ ಮರೆತುಹೋಗಿ, “ಬನ್ರೀ, ಆ ಗುಂಡಗಿರೋದು ಬಂದೈತೆ, ಆ ಉದ್ದಕ್ಕಿರೋದೂ ಬಂದೈತೆ,” ಎಂದು ಕೂಗಿಕೊಂಡು ಹೋದ. ಸಾಹುಕಾರರ ಕೋಣೆಗೆ ಹತ್ತಿಕೊಂಡಿದ್ದ ಇಬ್ಬರಿಗೆ ಮಾತ್ರ ಹೆಚ್ಚಿನ ಪಾಲು. ಚಿಕ್ಕವ್ವನಿಗೆ ಬಲಗಾಲು, ಸೊಂಟದಿಂದ ಹಿಮ್ಮಡಿಯವರೆಗೆ. ನನಗೆ ಬಲಗೈ ಹೆಬ್ಬೆರಳು.

ಹೆಬ್ಬೆರಳು ಅಂದರೆ ಇಷ್ಟೇ ತಾನೇ ಎನ್ನಬೇಡಿ. ಕತ್ತರಿಗೆ ಹೆಬ್ಬೆರಳು ಬೇಕು, ಕತ್ತಿ ತಿರುಗಿಸಲು ಹೆಬ್ಬೆರಳು ಬೇಕು, ಚರ್ಮ ಬಿಗಿಹಿಡಿಯಲು ಹೆಬ್ಬೆರಳು ಬೇಕು. ಅದಿಲ್ಲದ ಕ್ಷೌರಿಕನೆಂದರೆ ಗಿರಾಕಿಗೆ ಸೋಪು ಹಚ್ಚಿ ಊರ ಸುದ್ದಿ ಹೇಳುವವನು ಅಷ್ಟೇ. ಎಡಗೈಯಲ್ಲಿ ಶುರುಮಾಡಿದೆ. ಎಡಗೈಗೆ ಬಲಗೆನ್ನೆ ಸಿಗುತ್ತಿತ್ತು, ಎಡಗೆನ್ನೆ ಬಗ್ಗುತ್ತಿರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ದಿಬ್ಬದ ತಪ್ಪಲಿನ ಜೆಂಟ್ಸ್ ಪಾರ್ಲರಿನ ಕಡೆ ಜಾರಿಕೊಂಡರು. ನಮ್ಮ ಮೇಷ್ಟ್ರೂ ಹೋದರು. ಚಿಕ್ಕವ್ವನ ಬುಟ್ಟಿ ಮನೆಯ ಮೂಲೆಯಲ್ಲಿ ಬೋರಲು ಬಿತ್ತು. ಇವೆರಡೂ ವಾಪಸು ಬರುವ ದಾರಿ ಒಂದೇ. ಸಾಹುಕಾರರೂ ಸೇರಿದಂತೆ ಸಾಲಿಗೆ ಸಾಲೇ ಕೂತು ಸಾಧಕ ಮಾಡಬೇಕು.

ಮಾಡಿದೆವು. ಚಿಕ್ಕವ್ವ ಗೋಡೆ ಹಿಡಿದು ನಿಂತುಕೊಂಡೇ ಎಲ್ಲರ ಜಾತಕ ಜಾಲಾಡುತ್ತಿದ್ದಳು. ಸಾಹುಕಾರರಿಗೂ ವಿನಾಯಿತಿ ಇರಲಿಲ್ಲ.

“ಏನ್ ಸಾವ್ಕಾರ್ರೇ, ಐಸ್‌ನಂಗೆ ಕುಂತ್ರಿ? ಎತ್ರೀ ಕೈಯ! ನೀವ್ ಎತ್ತಿದ್ರೆ ನಾನ್ ಎತ್ತೋದು.”

“ಮುಠ್ಠಾಳ,” ಎನ್ನುತ್ತಿದ್ದರು ಸಾಹುಕಾರರು.

“ಮುಠ್ಠಾಳಿ ಅನ್ನಿ, ಅಷ್ಟಾದ್ರೂ ಹೊಸ ಮಾತು ಬರ್ಲಿ.”

ಭಾರ ಹಂಚಿಹೋಗಿದ್ದರಿಂದ ಸಾಹುಕಾರರು ಬೇಗ ಹಗುರಾದರು. ಕೈ ಎದ್ದಿತು. ಕಾಲು ಊರಿತು. ಒಂದು ಸಂಜೆ ಬೀದಿಯಲ್ಲಿ ಹೋಗುತ್ತಿದ್ದುದನ್ನು ನೋಡಿ, “ಎಮ್ಮೆ” ಎಂದರು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು, ಎಮ್ಮೆ ಗಾಬರಿಯಾಗಿ ಓಡಿತು. ಅವತ್ತಿನಿಂದ ಮಾತುಗಳು ಒಂದರ ಹಿಂದೊಂದು ಬಂದವು. ನನ್ನನ್ನು “ಏನಯ್ಯಾ ಸಿಡುಕ” ಎಂದು ಕರೆಯತೊಡಗಿದರು. ಮಸ್ತಾನ್ ಸಾಬರ ಜೊತೆ ಚೌಕಾಬಾರ ಆಡಿ ಮೋಸ ಮಾಡಿದರು. ಚಿಕ್ಕವ್ವ ಕಲಸಿಟ್ಟ ಹಿಟ್ಟಿನ ಉಂಡೆಗೆ ಹೆಸರುಕಾಳಿನಷ್ಟು ಬೆಲ್ಲ ಹಾಕಿಸಿಕೊಂಡು ಹಿಸುಕುವುದು ಬಿಟ್ಟು ತಿಂದರು. ಫಿಲೋಮಿನಾ ಮೇಡಂ ವಾರಕ್ಕೊಮ್ಮೆ ಇಳಿದು ಬಂದು ನಮ್ಮ ಕೈಕಾಲು ನೋಡಿ, “ಹೀಗೇ ಮಾಡಿದ್ರೆ ಎಲ್ರಿಗೂ ಬರತ್ತೆ. ಹೆಬ್ಬೆರಳು ಬೇಗ, ದ್ಯಾವಮ್ಮನ ಕಾಲು ಮಾತ್ರ ನಿಧಾನ. ಕಂಬಿ ಇದ್ದಿದ್ರೆ ಚೆನ್ನಾಗಿತ್ತು,” ಎನ್ನುತ್ತಿದ್ದರು. ಕಂಬಿ ದಿಬ್ಬದ ಮೇಲೆ ಮತ್ತೆ ಬಿಳಿ ಬಟ್ಟೆ ಹೊದ್ದು ಮಲಗಿತ್ತು.

ಒಂದು ದಿನ ಕಾರು ಬಂತು. ಮಹೇಂದ್ರ ಇಳಿದು, ಅಪ್ಪ ನಾಲ್ಕು ಹೆಜ್ಜೆ ನಡೆಯುವುದನ್ನು ನೋಡಿ ಕಣ್ಣೊರೆಸಿಕೊಂಡು, ಅವರನ್ನು ಕೂರಿಸಿಕೊಂಡು ಹೋಗಿಯೇಬಿಟ್ಟ. ಫ್ಯಾಕ್ಟರಿಯ ಹೊಸ ಶೆಡ್ಡಿನ ಪೂಜೆಗೆ ಅವರು ಬೇಕಂತೆ. ಸಾಹುಕಾರರು ಕಾರಿನ ಕಿಟಕಿಯಿಂದ ಎಡಗೈ ಆಡಿಸಿದರು. ಬಲಗೈ ಬೆರಳುಗಳು ಇನ್ನೂ ಪೂರ್ತಿ ಬಿಚ್ಚುತ್ತಿರಲಿಲ್ಲ, ಆದರೆ ಸಾಹುಕಾರರಿಗೆ ಬೆರಳಿನಿಂದ ಮಾಡುವ ಕೆಲಸವೇನಿದೆ?

ಸಾಲು ಅಲ್ಲೇ ನಿಂತಿತು. ಮಸ್ತಾನ್ ಸಾಬರ ರೆಪ್ಪೆ ಮುಕ್ಕಾಲಿಗೆ ನಿಂತಿತು. ಗಾಡಿಯವನಿಗೆ ಬದನೆಕಾಯಿಯವರೆಗೆ ಬಂದದ್ದು ಬೆಂಡೆಕಾಯಿಗೆ ಬರಲಿಲ್ಲ. ಚಿಕ್ಕವ್ವ ಮನೆಯಿಂದ ನಲ್ಲಿಯವರೆಗೆ ಕಾಲೆಳೆದುಕೊಂಡು ಹೋಗಿ, ಅಲ್ಲಿಂದಾಚೆ ಹೋಗಲಾರದೆ ಊರಿನ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಸಂಜೆ ಜಗುಲಿಗೆ ಬಂದು ಎಂದಿನಂತೆ, “ಎತ್ರೋ ಕೈಯ!” ಎಂದಳು. ಎಲ್ಲರೂ ಎತ್ತಿದರು. ಏನೂ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

“ಇನ್ನೂ ಯಾಕ್ ಚಿಕ್ಕವ್ವ ಈ ನಾಟ್ಕ?” ಎಂದೆ.

“ಸುಮ್ಕೆ ಕುಂತ್ರೆ ಇನ್ನೇನಾದ್ರೂ ಬೈಬೇಕಾಯ್ತದೆ ಅಂತ,” ಎಂದಳು. ಧ್ವನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ಅವಳು ಬೈದಿದ್ದರೇ ಚೆನ್ನಾಗಿತ್ತು.

ಮಾತು ಕೊಟ್ಟ ಶಾಖೆ ಎಲ್ಲಿ ಎಂದು ಕೇಳಲು ಹೋದರೆ ಮಹೇಂದ್ರ, “ಯೋಚನೆ ಇದೆ, ಜಾಗ ಹುಡುಕ್ತಾ ಇದೀವಿ,” ಎಂದ. ಜಾಗ ಹುಡುಕುವುದಂತೆ! ಅವನಪ್ಪ ಮಲಗಿ ಎದ್ದ ಕೋಣೆ ಅವನಿಗೆ ನೆನಪೇ ಇರಲಿಲ್ಲ. ಕಲ್ಲು ಹೊಡೆಯೋಣವೆಂದು ಒಂದನ್ನು ಎತ್ತಿಕೊಂಡೆ. ಹೆಬ್ಬೆರಳಿಲ್ಲದ ಕೈಯಿಂದ ಅದು ಜಾರಿ ನನ್ನ ಕಾಲ ಮೇಲೇ ಬಿತ್ತು. ಕುಂಟುತ್ತ ಮನೆಗೆ ಬಂದೆ. ಚಿಕ್ಕವ್ವ ನನ್ನ ನಡಿಗೆ ನೋಡಿ, “ಏನ್ಲಾ, ನನ್ ಪಾಲಲ್ಲೂ ಕೈ ಹಾಕ್ದಾ?” ಎಂದು ನಕ್ಕಳು.

ಪೂಜೆಯ ಹಿಂದಿನ ದಿನ ಕಾರು ಮತ್ತೆ ಬಂತು. ಈ ಸಲ ನನಗಾಗಿ. ಸಾಹುಕಾರರು ಪಾರ್ಲರಿನವನನ್ನು ಹತ್ತಿರ ಬಿಟ್ಟುಕೊಳ್ಳುತ್ತಿಲ್ಲವಂತೆ, ಆ ಸಿಡುಕನೇ ಬರಲಿ ಎನ್ನುತ್ತಿದ್ದಾರಂತೆ. ಗಡ್ಡದಲ್ಲಿ ಪೂಜೆಗೆ ಕೂರುವುದಿಲ್ಲವೆಂದು ಹಟ ಹಿಡಿದಿದ್ದಾರಂತೆ. ನನ್ನ ಹೆಬ್ಬೆರಳು ಎಲ್ಲಿ ನಿಂತಿದೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು, ನಲ್ಲಿಯ ಹತ್ತಿರ ನಿಂತಿದ್ದ ಚಿಕ್ಕವ್ವನನ್ನು ನೋಡಿ ಪೆಟ್ಟಿಗೆ ಎತ್ತಿಕೊಂಡೆ.

ಬಂಗಲೆಯ ವರಾಂಡದಲ್ಲಿ ಸಾಹುಕಾರರು ಟವೆಲು ಹೊದ್ದು ಕೂತಿದ್ದರು. “ಬಾರಯ್ಯಾ. ಇಲ್ಲಿ ಎಲ್ಲ ಐತೆ, ಬೈಯೋರೇ ಇಲ್ಲ,” ಎಂದರು. ಮುಖಕ್ಕೆಲ್ಲ ನೊರೆ ಹಚ್ಚಿದೆ. ಎಡಗೈಯಲ್ಲಿ ಕತ್ತಿ ಹಿಡಿದು ನಿಧಾನವಾಗಿ, ಒಂದು ಗೀರೂ ಆಗದಂತೆ ಬಲಗಡೆ ಮಾಡಿದೆ. ಕಿವಿಯಿಂದ ಗದ್ದದ ನಡುವಿನವರೆಗೆ, ಮೀಸೆಯ ಬಲ ಅರ್ಧವನ್ನೂ ತಿದ್ದಿದೆ. ಆಮೇಲೆ ಎಡಗೆನ್ನೆಯ ನೊರೆ ಒರೆಸಿ ಕತ್ತಿ ಮಡಚಿಟ್ಟೆ.

“ಇನ್ನರ್ಧ?” ಎಂದರು ಸಾಹುಕಾರರು.

“ಅದಕ್ಕೆ ಹೆಬ್ಬೆರಳು ಬೇಕು. ಬಂದ್ಮೇಲೆ ಮಾಡ್ತೀನಿ.”

“ಯಾವಾಗ ಬರತ್ತೆ?”

“ನೀವ್ ಬಂದ್ಮೇಲೆ.”

ಮಹೇಂದ್ರ ಒಳಗಿಂದ ಬಂದು ಅಪ್ಪನ ಮುಖ ನೋಡಿ ಬೆಚ್ಚಿಬಿದ್ದ. ಒಂದು ಕಡೆ ಮದುಮಗ, ಒಂದು ಕಡೆ ಸನ್ಯಾಸಿ. ಕೂಗಾಡಿದ. ಪಾರ್ಲರಿನವನಿಗೆ ಫೋನು ಮಾಡಿದ. ನಾನು ನೆಮ್ಮದಿಯಾಗಿ ಬ್ರಷ್ ತೊಳೆಯುತ್ತಿದ್ದೆ. ನಮ್ಮೂರ ಕಸುಬಿನವರಲ್ಲಿ ಒಂದು ಕಟ್ಟುಪಾಡು ಇದೆ. ಒಬ್ಬ ಹಿಡಿದ ಮುಖವನ್ನು ಅವನು ಮುಗಿಸುವವರೆಗೆ ಇನ್ನೊಬ್ಬ ಮುಟ್ಟುವುದಿಲ್ಲ. ಮುಟ್ಟಿದವನ ಅಂಗಡಿಗೆ ಆಮೇಲೆ ಸಾಣೆಯವನೂ ಬರುವುದಿಲ್ಲ. ಪಾರ್ಲರಿನವನು ಎ.ಸಿ. ಹಾಕಿಸಿಕೊಂಡಿದ್ದಾನೆ ನಿಜ, ಅವನ ಕತ್ತಿಗೂ ಸಾಣೆ ಬೇಕು. ಅರ್ಧವಾದ ಮುಖವನ್ನು ಮನೆಯವರು ಪೂರ್ತಿ ಮಾಡುವುದು ಸಾವಿನ ಮನೆಯಲ್ಲಿ ಮಾತ್ರ, ಹಾಗಾಗಿ ಸೊಸೆ ಮಹೇಂದ್ರನನ್ನು ರೇಜರ್ ಮುಟ್ಟಲು ಬಿಡಲಿಲ್ಲ. ಸಾಹುಕಾರರೇ ಮಾಡಿಕೊಳ್ಳೋಣವೆಂದರೆ ಬಲಗೈ ಬೆರಳು ರೇಜರನ್ನು ಹಿಡಿಯಲಿಲ್ಲ, ಎಡಗೈಗೆ ಅಭ್ಯಾಸವಿರಲಿಲ್ಲ. ಅವರಿಗೂ ಬೆರಳಿನ ಕೆಲಸ ಒಂದಿದೆಯೆಂದು ಅವತ್ತು ಅವರಿಗೆ ಗೊತ್ತಾಗಿರಬೇಕು.

ನಾನು ಗೇಟು ದಾಟಿ ಎರಡು ಸಲ ಹಿಂದೆ ತಿರುಗಿ ನೋಡಿದೆ. ಪೊಲೀಸರನ್ನು ಕರೆಸಿದರೆ? ಅರ್ಧ ಕ್ಷೌರಕ್ಕೆ ಯಾವ ಕೇಸು ಹಾಕುತ್ತಾರೋ ಗೊತ್ತಿರಲಿಲ್ಲ.

ಮರುದಿನ ಪೂಜೆಗೆ ಸಾಹುಕಾರರು ಶಾಲನ್ನು ಎಡಗೆನ್ನೆಯವರೆಗೆ ಎಳೆದುಕೊಂಡು ಕೂತಿದ್ದರೆಂದೂ, ಪುರೋಹಿತರು ಹಲ್ಲುನೋವೇ ಎಂದು ಕೇಳಿದರೆಂದೂ ಸುದ್ದಿ ಬಂತು. ಸಂಜೆ ನಾವು ಜಗುಲಿಯ ಮೇಲೆ ಕೂತಿದ್ದೆವು. ದಿಬ್ಬದ ಇಳಿಜಾರಿನಲ್ಲಿ ಯಾರೋ ಊರುಗೋಲು ಹಿಡಿದು ಇಳಿದು ಬರುತ್ತಿದ್ದುದು ಕಾಣಿಸಿತು. ಹಿಂದೆ ಕಾರು, ಮನುಷ್ಯನ ನಡಿಗೆಗೆ ತಕ್ಕಂತೆ ಆಮೆಯ ಹಾಗೆ ತೆವಳುತ್ತಿತ್ತು. ಕಾರು ಹತ್ತಿ ಎಂದು ಮಹೇಂದ್ರ ಕಿಟಕಿಯಿಂದ ಗೋಗರೆಯುತ್ತಿದ್ದ. ಸಾಹುಕಾರರು ಹತ್ತಲಿಲ್ಲ. ಶಾಲು ಜಾರಿಹೋಗಿತ್ತು. ಇಡೀ ಬೀದಿ ಅವರ ಎರಡು ಮುಖವನ್ನೂ ನೋಡಿತು.

ಯಾರೂ ನಗಲಿಲ್ಲ. ಚಿಕ್ಕವ್ವ ಮಾತ್ರ ಸೊಂಟಕ್ಕೆ ಕೈಕೊಟ್ಟು ಬಯ್ದಳು. “ಇಷ್ಟ್ ಹೊತ್ತಾ ಬರೋದು? ನಿಮ್ಮಪ್ಪನ್ ಮನೆ ಜಗ್ಲೀನಾ ಇದು? ಕುಂತ್ಕಳ್ರೀ. ಹೆಕ್ರೀ ಕಾಳು.”

ಸಾಹುಕಾರರು ಕೂತರು, ಹೆಕ್ಕಿದರು.

ಆಮೇಲೆ ಆದದ್ದನ್ನು ಊರಿನವರು ಸಾಹುಕಾರರ ದೊಡ್ಡ ಮನಸ್ಸು ಎನ್ನುತ್ತಾರೆ. ನನಗೆ ಹಾಗೇನೂ ಅನ್ನಿಸುವುದಿಲ್ಲ. ದಿನಾ ದಿಬ್ಬ ಇಳಿದು ಹತ್ತುವುದು ಅವರಿಗೆ ಕಷ್ಟವಾಯಿತು, ರೇಡಿಯೋ ಕೋಣೆಗೇ ಮಂಚ ಹಾಕಿಸಿಕೊಂಡರು. ಮಂಚ ಬಂದ ಮೇಲೆ ಕಂಬಿ ಬೇಕೆನ್ನಿಸಿತು, ಕಂಬಿ ಇಳಿಸಿದರು. ಕಂಬಿಯ ಹಿಂದೆ ಕಾಲು ತುಳಿಸುವ ಮೆಷಿನ್ನು ಬಂತು. ಕೊನೆಗೆ ದಿಬ್ಬದಲ್ಲಿ ಚೆಂಡು ಮತ್ತು ಫಿಲೋಮಿನಾ ಮೇಡಂ ಮಾತ್ರ ಉಳಿದರು, ಅವರೂ ಬಂದರು. ಗೇಟಿನವನೂ ಒಂದು ದಿನ ಕುರ್ಚಿ ಹೊತ್ತುಕೊಂಡು ಬಂದ. ಕಾಯಲು ಅಲ್ಲಿ ಏನೂ ಉಳಿದಿಲ್ಲವಂತೆ. ನಮ್ಮ ಸಾಲಿಗೆ ಗೇಟೇ ಇಲ್ಲವಲ್ಲ, ಅದಕ್ಕೇ ಗಿರಣಿಯವರ ಮೊಣಕೈಗೆ ಎಣ್ಣೆ ತಿಕ್ಕುವ ಕೆಲಸ ಹಚ್ಚಿದೆವು. ತಮಗಾಗಿ ತಂದ ಕಂಬಿಯಲ್ಲಿ ಚಿಕ್ಕವ್ವ ನಡೆದರೆ ಸಾಹುಕಾರರಿಗೇನೂ ಬೇಜಾರಿರಲಿಲ್ಲ. ಅವಳು ನಡೆದರೆ ಅವರ ಬೆರಳು ಬಿಚ್ಚುತ್ತಿತ್ತು. ಎಡಗೆನ್ನೆಯ ಮೇಲೇ ಅವರ ಕಣ್ಣು.

ಎರಡು ದಿನಕ್ಕೊಮ್ಮೆ ನಾನು ಅವರ ಬಲಗೆನ್ನೆ ಮಾಡುತ್ತಿದ್ದೆ. ಎಡಗಡೆ ಗಡ್ಡ ಬೆಳೆದು ಬೆಳೆದು ಅಂಗಿಯ ಗುಂಡಿ ಮುಟ್ಟಿತು. ಬೇರೆ ಊರಿನಿಂದ ಐಸ್ ಕೊಳ್ಳಲು ಬಂದವರು ಅವರ ಬಲಗಡೆ ಕೂರಬೇಕೋ ಎಡಗಡೆ ಕೂರಬೇಕೋ ತಿಳಿಯದೆ ನಿಂತುಕೊಂಡೇ ಮಾತಾಡಿ ಹೋಗುತ್ತಿದ್ದರು. ಮಸ್ತಾನ್ ಸಾಬರ ಅಂಗಡಿಯ ಪರದೆ ಇಳಿಯಿತು. ಗಾಡಿಯವನು ಬೆಂಡೆಕಾಯಿ ದಾಟಿ ಹೀರೆಕಾಯಿಗೆ ಬಂದ.

ಹೋದ ವಾರ ಕಾಳು ಹೆಕ್ಕುತ್ತಿದ್ದಾಗ ನನ್ನ ಹೆಬ್ಬೆರಳು ಬಾಗಿತು. ನಾನು ಬಾಗಿಸಿದ್ದಲ್ಲ, ನಿದ್ದೆಯಿಂದೆದ್ದ ಮಗುವಿನ ಹಾಗೆ ತಾನೇ ಮುರಿದುಕೊಂಡು ಎದ್ದಿತು. ಯಾರಿಗೂ ಹೇಳದೆ ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಕತ್ತರಿ ಹಿಡಿದೆ. ಗಾಳಿಯನ್ನು ಕತ್ತರಿಸಿದೆ. ಹಳೆಯ ಪೇಪರನ್ನು ಕತ್ತರಿಸಿದೆ. ಕತ್ತಿಯನ್ನು ಅಂಗೈಯಲ್ಲಿ ತಿರುಗಿಸಿ ಹಿಡಿದೆ. ಕನ್ನಡಿಯಲ್ಲಿ ಒಬ್ಬ ಮುಠ್ಠಾಳ ಬಾಯಿ ತುಂಬ ನಗುತ್ತಿದ್ದ. ನಾಳೆ ಬೆಳಗ್ಗೆ ಮೇಷ್ಟ್ರ ಮನೆಯ ಮುಂದೆಯೇ ಹೋಗಿ ನಿಲ್ಲಬೇಕು ಅನ್ನಿಸಿತು.

ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೇ ಸಾಹುಕಾರರು ನನ್ನ ಅಂಗಡಿಗೆ ತಾವೇ ನಡೆದು ಬಂದರು, ಊರುಗೋಲು ಇಲ್ಲದೆ. ಕುರ್ಚಿಯಲ್ಲಿ ಕೂತು, ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಹೆಚ್ಚುಕಮ್ಮಿ ಅವರದೆಲ್ಲ ವಾಪಸು ಬಂದಿತ್ತು. ಅವರ ಕಾರು ಬೀದಿಯ ತುದಿಯಲ್ಲಿ ನಿಂತಿತ್ತು.

“ಏನಯ್ಯಾ ಸಿಡುಕ,” ಎಂದರು ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತ, “ಬಂತೇನು ಹೆಬ್ಬೆರಳು?”

ಪಕ್ಕದ ಕೋಣೆಯಲ್ಲಿ ಹಿಡಿಸದೆ ಜಗುಲಿಗೆ ಚಾಚಿದ್ದ ಕಂಬಿಗಳ ತುದಿ ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಚಿಕ್ಕವ್ವ ಎರಡೂ ಕೈಯಲ್ಲಿ ಅವನ್ನು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣೆಯ ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ, ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಲು ನೋಡುತ್ತಿದ್ದಳು. ಅದು ಊರಿದಂತೆ ಮಾಡಿ ಹೊರಳುತ್ತಿತ್ತು. ಫಿಲೋಮಿನಾ ಮೇಡಂ, “ಇನ್ನೊಂದ್ ಸಲ ದ್ಯಾವಮ್ಮ,” ಎನ್ನುತ್ತಿದ್ದರು. “ಅಯ್ಯೋ, ನಿಮ್ಗೇನ್ ಮೇಡಂ, ಕಾಲು ನಂದು,” ಎನ್ನುತ್ತ ಅವಳು ಮತ್ತೆ ಎತ್ತುತ್ತಿದ್ದಳು.

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

“ಇನ್ನೂ ಇಲ್ಲ ಸಾವ್ಕಾರ್ರೇ.”

ಸಾಹುಕಾರರು ಕನ್ನಡಿಯಲ್ಲಿ ನನ್ನ ಮುಷ್ಟಿ ನೋಡಿದರು. ಆಮೇಲೆ ತಲೆ ತಿರುಗಿಸಿ ಪಕ್ಕದ ಕೋಣೆಯ ಕಡೆ ನೋಡಿದರು. ಎಡಗಡೆಯ ಗಡ್ಡವನ್ನು ಒಮ್ಮೆ ನೀವಿಕೊಂಡು, “ಅವಸರ ಏನಿಲ್ಲ ಬಿಡು,” ಎಂದು ಟವೆಲನ್ನು ತಾವೇ ಕುತ್ತಿಗೆಗೆ ಸುತ್ತಿಕೊಂಡರು.

ನಾನು ಎಡಗೈಯಲ್ಲಿ ಬ್ರಷ್ ತೆಗೆದುಕೊಂಡು ಬಲಗೆನ್ನೆಗೆ ನೊರೆ ಹಚ್ಚಿದೆ.